ಉರಿಗೆ ಅಡ್ಡ ಹಿಡಿದ ಕೈ

ಮೈಸೂರಿಗೆ ಹೋದವರು ದೊಡ್ಡ ಅರಮನೆ ನೋಡ್ತಾರೆ, ಝೂ ನೋಡ್ತಾರೆ, ಬೆಟ್ಟ ಹತ್ತಿಳಿದು ದೋಸೆ ತಿಂತಾರೆ. ಅಲ್ಲಿಂದ ನಡೆದೇ ಹೋಗಬಹುದಾದ ಜಗನ್ಮೋಹನ ಅರಮನೆಯನ್ನು ಮಾತ್ರ ‘ಟೈಮ್ ಉಳಿದ್ರೆ ನೋಡೋಣ’ ಅಂತಾರೆ. ಉಳಿಯೋದಿಲ್ಲ. ಯಾಕೆ ಅಂತ ಕೇಳಿದರೆ ನನ್ನ ಆಫೀಸಿನ ಗೆಳತಿಯರದು ಒಂದೇ ಉತ್ತರ: ‘ಆರ್ಟ್ ಎಲ್ಲಾ ನಮಗೆ ಅರ್ಥ ಆಗಲ್ಲ ಕಣೇ.’

ಇದೇ ಗೆಳತಿಯರು ಸೀರೆಯ ಅಂಚು ಒಡಲಿಗೆ ಹೊಂದುತ್ತಾ ಅಂತ ಅಂಗಡಿ ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡುವವರು. ಹೊಸ ಫ್ಲ್ಯಾಟಿನ ಗೋಡೆಗೆ ಯಾವ ಬಣ್ಣ ಅಂತ ಗಂಡನ ಜೊತೆ ವಾರಗಟ್ಟಲೆ ಜಗಳ ಆಡುವವರು. ಚೌಕಟ್ಟು ಹಾಕಿದ ಚಿತ್ರದ ಮುಂದೆ ನಿಂತ ಕೂಡಲೇ ತಮ್ಮ ಕಣ್ಣನ್ನೇ ನಂಬದೆ ಪಕ್ಕದ ಚೀಟಿ ಓದಲು ಬಗ್ಗುತ್ತಾರೆ.

ಹೋದ ಚಳಿಗಾಲದಲ್ಲಿ ನಾನು ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಜ್ಜಿಗೆ ಎಪ್ಪತ್ತೆಂಟು. ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು, ಎಡಗಣ್ಣಿನದು ಬಾಕಿ ಇತ್ತು. ಆ ಕಣ್ಣಿನ ನರವೂ ಸೊರಗಿದೆ, ಆಪರೇಷನ್ ಆದರೂ ಪೂರ್ತಿ ಕಾಣುತ್ತೆ ಅಂತ ಹೇಳೋಕಾಗಲ್ಲ ಅಂದಿದ್ದರು ಡಾಕ್ಟರು. ‘ಹಾಗಾದ್ರೆ ನೋಡೋದನ್ನೆಲ್ಲ ಈಗಲೇ ನೋಡಿಬಿಡ್ತೀನಿ, ಎಲ್ಲಾದ್ರೂ ಕರ್ಕೊಂಡು ಹೋಗು’ ಅಂತ ಹಟ ಹಿಡಿದಿದ್ದಳು.

ಜಗನ್ಮೋಹನ ಅರಮನೆಯನ್ನು ಕಟ್ಟಿಸಿದ್ದು 1861ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ, ಈಗಿನ ಅರಮನೆ ಎದ್ದು ನಿಲ್ಲುವವರೆಗೂ ರಾಜಮನೆತನ ಇದ್ದದ್ದು ಇಲ್ಲೇ. 1915ರಿಂದ ಇದು ಚಿತ್ರಶಾಲೆ. ಒಳಗೆ ಏನಿಲ್ಲ ಹೇಳಿ? ಅಕ್ಕಿಕಾಳಿನ ಮೇಲೆ ಬರೆದ ಚಿತ್ರವೂ ಇದೆ. ಜನ ಅದಕ್ಕೇ ಹೆಚ್ಚು ಮುಗಿಬೀಳ್ತಾರೆ. ನನಗದು ಕಸರತ್ತು ಅನ್ನಿಸುತ್ತೆ, ಚಿತ್ರ ಅನ್ನಿಸೋದಿಲ್ಲ.

ನಾವು ಹೆಚ್ಚು ಹೊತ್ತು ನಿಂತದ್ದು ‘ಗ್ಲೋ ಆಫ್ ಹೋಪ್’ ಮುಂದೆ. ಸೀರೆಯುಟ್ಟ ಹುಡುಗಿ, ಕೈಯಲ್ಲಿ ದೀಪ, ಸುತ್ತ ಕತ್ತಲು. ನಿಮ್ಮಲ್ಲಿ ಹಲವರು ಇದರ ನಕಲನ್ನು ಕ್ಯಾಲೆಂಡರಿನಲ್ಲೋ ಯಾರದೋ ಮನೆಯ ಹಾಲ್‌ನಲ್ಲೋ ನೋಡಿರ್ತೀರಿ. ನಮ್ಮ ಹಿಂದೆ ನಿಂತ ತಂದೆಯೊಬ್ಬರು ಮಕ್ಕಳಿಗೆ ‘ರವಿವರ್ಮನ ಪೇಂಟಿಂಗು, ನೋಡ್ಕೊಳ್ಳಿ’ ಅಂತ ಹೇಳಿ ಅರ್ಧ ನಿಮಿಷದಲ್ಲಿ ಮುಂದಕ್ಕೆ ಹೋದರು. ಊರೆಲ್ಲ ಹೇಳೋದು ಹಾಗೇ. ಆದರೆ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬಂದದ್ದು ಅದಾಗಿ ಸುಮಾರು ನಲವತ್ತು ವರ್ಷಕ್ಕೆ, 1945-46ರ ಹೊತ್ತಿಗೆ. ಬರೆದವರು ಎಸ್.ಎಲ್. ಹಲ್ದಣಕರ್, ಸಾವಂತವಾಡಿಯವರು, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ದೀಪ ಹಿಡಿದು ನಿಂತದ್ದು ಅವರ ಮಗಳೇ.

ಹೆಸರು ತಪ್ಪಿದರೆ ಏನಂತೆ, ಚಿತ್ರ ಚಿತ್ರವೇ ತಾನೆ ಅಂತ ಕೇಳಬಹುದು. ನಷ್ಟ ಆಗೋದು ಇಲ್ಲಿ: ರವಿವರ್ಮ ಅಂದ ಕೂಡಲೇ ನಾವು ತೈಲವರ್ಣದ ಚಿತ್ರ ಅಂದುಕೊಂಡು ನೋಡ್ತೀವಿ. ತೈಲವರ್ಣದಲ್ಲಿ ಮೊದಲು ಕಪ್ಪು ಬಳಿದು, ಕೊನೆಗೆ ಅದರ ಮೇಲೆ ಬಿಳಿ, ಹಳದಿ ಇಟ್ಟು ಬೆಳಕು ತರಬಹುದು. ಸರಿ ಬರಲಿಲ್ಲವೋ, ಕೆರೆದು ತೆಗೆದು ಮತ್ತೆ ಬಳಿಯಬಹುದು. ಇದು ಜಲವರ್ಣ. ಬಣ್ಣ ನೀರಿನ ಹಾಗೆ ತೆಳು, ಕಾಗದ ಒಮ್ಮೆ ಕುಡಿದರೆ ಮುಗೀತು. ಅಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ಆ ಕೆನ್ನೆ, ಆ ಬೆರಳು ಹೊಳೀಬೇಕಾದರೆ ಅಲ್ಲಿ ಬಣ್ಣ ತೆಳುವಾಗಿಯೇ ಉಳಿಯಬೇಕು, ಸುತ್ತಲ ಕತ್ತಲನ್ನು ಮಾತ್ರ ಪದರ ಪದರವಾಗಿ ಕಟ್ಟುತ್ತಾ ಹೋಗಬೇಕು. ಒಂದು ಹನಿ ಕಪ್ಪು ಮುಖದ ಮೇಲೆ ಹರಿದರೆ ಇಡೀ ಚಿತ್ರ ಹೋಯ್ತು. ಅಂದರೆ ಹಲ್ದಣಕರ್ ಬೆಳಕನ್ನು ಬರೆದಿಲ್ಲ, ಉಳಿಸಿಕೊಂಡಿದ್ದಾರೆ.

ಇದನ್ನೆಲ್ಲ ಅಜ್ಜಿಗೆ ಹೇಳಲು ಹೊರಟೆ. ಅವಳು ಕೈ ಅಡ್ಡ ಮಾಡಿ ‘ಸುಮ್ನಿರೇ’ ಅಂದಳು.

‘ಬೆರಳು ನೋಡು. ಸಂದಿ ಕೆಂಪಾಗಿದೆ. ನಮ್ಮೂರಲ್ಲಿ ಕರೆಂಟಿಲ್ಲದಾಗ ಹಜಾರದಿಂದ ದೇವರ ಮನೆಗೆ ದೀಪ ತಗೊಂಡು ಹೋಗ್ತಿದ್ವಲ್ಲ, ಬೆರಳೊಳಗಿನ ರಕ್ತ ಹೀಗೇ ಕಾಣೋದು.’

ನಾನು ಮತ್ತೆ ನೋಡಿದೆ. ಆ ಚಿತ್ರದಲ್ಲಿ ಕಣ್ಣು ಮೊದಲು ಹೋಗಿ ನಿಲ್ಲೋದು ಉರಿಯ ಮೇಲಲ್ಲ, ಉರಿಗೆ ಅಡ್ಡ ಹಿಡಿದ ಕೈ ಮೇಲೆ.

‘ಗಾಳಿ ಆ ಕಡೆಯಿಂದ ಬರ್ತಿದೆ’ ಅಂದಳು ಅಜ್ಜಿ.

‘ಯಾವ ಗಾಳಿ ಅಜ್ಜಿ?’

‘ಗಾಳಿ ಇಲ್ದೆ ಯಾರಾದ್ರೂ ಕೈ ಅಡ್ಡ ಹಿಡೀತಾರೇನೇ?’

ಚಿತ್ರದಲ್ಲಿ ಇಲ್ಲದ ಗಾಳಿ ಅವಳಿಗೆ ಕಂಡಿತ್ತು. ಕಲೆಯ ಬಗ್ಗೆ ಅವಳು ಒಂದು ಪುಸ್ತಕ ಓದಿದವಳಲ್ಲ, ದೀಪದ ಬಗ್ಗೆ ಮಾತ್ರ ಅವಳಿಗೆ ಎಲ್ಲವೂ ಗೊತ್ತು. ‘ಅರ್ಥ ಆಗಲ್ಲ’ ಅನ್ನುವ ನನ್ನ ಗೆಳತಿಯರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತುವನ್ನು ಚಿತ್ರದೊಳಗೆ ಹುಡುಕಿ. ಬಟ್ಟೆಯ ನೆರಿಗೆ ಇರಬಹುದು, ಅಡುಗೆಯ ಪಾತ್ರೆ ಇರಬಹುದು. ಚಿತ್ರಗಾರ ಅದನ್ನು ಹೇಗೆ ಕಂಡ, ಏನನ್ನು ಬಿಟ್ಟ ಅಂತ ನೋಡಿ. ಹತ್ತು ನಿಮಿಷ ಕೊಡಿ. ಫೋನು ಬ್ಯಾಗಿನಲ್ಲೇ ಇರಲಿ.

ಆಮೇಲೆ ಅಜ್ಜಿ ಒಂದು ವಿಚಿತ್ರ ಆಟ ಶುರುಮಾಡಿದಳು. ಬಲಗಣ್ಣು ಮುಚ್ಚಿ ನೋಡೋದು, ಎಡಗಣ್ಣು ಮುಚ್ಚಿ ನೋಡೋದು. ‘ಆಪರೇಷನ್ ಕಣ್ಣಲ್ಲಿ ಸೀರೆ ನೇರಳೆ. ಇದರಲ್ಲಿ ಕಂದು, ಹಳೇ ಫೋಟೋ ಥರ.’ ಪೊರೆ ಬೆಳೆದ ಕಣ್ಣಿಗೆ ಎಲ್ಲವೂ ಹಳದಿ ಗಾಜಿನ ಮೂಲಕ ನೋಡಿದ ಹಾಗೆ ಮಾಸಲಾಗಿ ಕಾಣುತ್ತೆ. ಎರಡು ಕಣ್ಣಿಗೆ ಎರಡು ಹುಡುಗಿಯರು. ಯಾವುದು ಚೆಂದ ಅಂತ ಕೇಳಿದೆ. ತುಂಬಾ ಹೊತ್ತು ಯೋಚಿಸಿ, ‘ಬಣ್ಣ ಇದರಲ್ಲಿ ಚೆನ್ನ, ದೀಪ ಅದರಲ್ಲಿ ಚೆನ್ನ’ ಅಂದಳು.

ಹೊರಡುವ ಮುಂಚೆ ಮೈಸೂರು ಶೈಲಿಯ ಹಳೆಯ ಚಿತ್ರಗಳ ಹತ್ತಿರ ಬಂದೆವು. ಇವುಗಳಲ್ಲಿ ಆಭರಣ, ಅಂಚು, ಕಂಬಗಳನ್ನು ಗೆಸ್ಸೊ ಎಂಬ ಲೇಪದಿಂದ ತುಸುವೇ ಉಬ್ಬಿಸಿ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರು ಚಿತ್ರಗಳಲ್ಲಿ ಉಬ್ಬು ಹೆಚ್ಚು, ಕಲ್ಲು ಕೂರಿಸುವುದೂ ಉಂಟು. ನಮ್ಮದರಲ್ಲಿ ಕೆಲಸ ಎಷ್ಟು ನಯ ಅಂದರೆ ನೇರ ನಿಂತರೆ ಗೊತ್ತೇ ಆಗೋದಿಲ್ಲ. ನಾನಿನ್ನೂ ಅಜ್ಜಿಗೆ ಇದನ್ನು ಹೇಳಿರಲಿಲ್ಲ. ಅವಳಾಗಲೇ ಪಕ್ಕಕ್ಕೆ ಸರಿದು, ತಲೆ ಓರೆ ಮಾಡಿ, ಜರಿ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡುವವಳ ಹಾಗೆ ನೋಡುತ್ತಾ ನಿಂತಿದ್ದಳು.