ವೆನಿಸ್‌ನಲ್ಲಿ ಒಂದು ಅಸ್ರ್

ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಕುರುಹುಗಳನ್ನು ಕಣ್ಣಾರೆ ಕಾಣುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ನಮ್ಮ ಇಂದಿನ ಪ್ರವಾಸಗಳಲ್ಲಿ ಸಂಚಾರವೇನೋ ಧಾರಾಳವಾಗಿದೆ, ಕಾಣುವುದು ಕಡಿಮೆ. ಇಟಲಿಯ ವೆನಿಸ್ ನಗರಕ್ಕೆ ಹೊರಟಾಗ ನನ್ನ ಮನಸ್ಸಿನಲ್ಲಿದ್ದುದೂ ಕಾಲುವೆ, ದೋಣಿ ಮತ್ತು ಸೇತುವೆಗಳ ಚಿತ್ರವಷ್ಟೇ. ಜೊತೆಗಿದ್ದವರು ಇಬ್ಬರು. ಒಬ್ಬ ಬೊಲೊನ್ಯಾದಲ್ಲಿ ವ್ಯಾಸಂಗ ಮಾಡುತ್ತಿರುವ ಭಟ್ಕಳದ ಗೆಳೆಯ. ಇನ್ನೊಬ್ಬ ಅವನ ಸಹಪಾಠಿ, ತುರ್ಕಿಯ ಬುರ್ಸಾ ನಗರದವನು.

ಮಧ್ಯಾಹ್ನ ರೈಲಿನಿಂದಿಳಿದು ಒಂದು ಮೂಲೆಯಲ್ಲಿ ಝುಹರ್ ಮುಗಿಸಿದೆವು. ಶಾಫಿಈಗಳಾದ ನಮಗಿಬ್ಬರಿಗೆ ಪ್ರಯಾಣದಲ್ಲಿ ಅಸ್ರನ್ನೂ ಆಗಲೇ ಜೊತೆಗೂಡಿಸಿಕೊಳ್ಳುವ ರಿಯಾಯಿತಿ ಇತ್ತು. ಹನಫಿಯಾದ ತುರ್ಕಿ ಗೆಳೆಯನಿಗೆ ಇರಲಿಲ್ಲ. ಮೂವರೂ ಒಟ್ಟಾಗಿ ಜಮಾಅತ್ ಆಗಿ ನಿರ್ವಹಿಸೋಣವೆಂದು ಅಸ್ರನ್ನು ಅದರ ಸಮಯಕ್ಕೇ ಬಿಟ್ಟೆವು. ಎಲ್ಲಿ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳು, ನಾನೂರಕ್ಕೂ ಮಿಕ್ಕ ಸೇತುವೆಗಳು. ಕೆಸರಿನಲ್ಲಿ ನಾಟಿದ ಮರದ ಗೂಟಗಳ ಮೇಲೆ ಈ ಕಲ್ಲಿನ ಊರು ನಿಂತಿದೆ; ಗಾಳಿ ತಾಗದ ಕಾರಣ ಗೂಟಗಳು ಶತಮಾನಗಳಿಂದ ತಾಳಿಕೊಂಡಿವೆ. ಆದರೆ ನನ್ನನ್ನು ಹೆಚ್ಚು ಸೆಳೆದುದು ಚೌಕಗಳ ನಡುವಿನ, ಈಗ ಮುಚ್ಚಳ ಹಾಕಿರುವ ಕಲ್ಲಿನ ಬಾವಿಗಳು. ಸುತ್ತಲೂ ಉಪ್ಪುನೀರು, ಕುಡಿಯಲು ಹನಿ ನೀರಿಲ್ಲ. ಆದ್ದರಿಂದ ಇಡೀ ಚೌಕವನ್ನೇ ಮಳೆನೀರು ಹಿಡಿಯುವ ಬೋಗುಣಿಯಂತೆ ಕಟ್ಟಿ, ನೆಲದಡಿಯ ಮರಳಿನಲ್ಲಿ ಸೋಸಿ ಬಾವಿಗೆ ಇಳಿಸುತ್ತಿದ್ದರು. 1884ರಲ್ಲಿ ಭೂಭಾಗದಿಂದ ಕೊಳವೆ ನೀರು ಬರುವವರೆಗೂ ಈ ನಗರ ಮುಖ್ಯವಾಗಿ ಬದುಕಿದ್ದು ಆಕಾಶದಿಂದ ಇಳಿದ ಈ ಅನುಗ್ರಹದಿಂದ.

ಮಹಾ ಕಾಲುವೆಯ ದಂಡೆಯಲ್ಲಿ ಬಿಳಿಕಲ್ಲಿನ ಕಮಾನುಗಳ ಉದ್ದನೆಯ ಭವನವೊಂದಿದೆ. ಹೆಸರು 'ಫೊಂದಾಕೊ ದೇಯಿ ತುರ್ಕಿ', ತುರ್ಕರ ವಸತಿಗೃಹ. ಫೊಂದಾಕೊ ಎಂಬುದು ಅರಬಿಯ 'ಫುಂದುಕ್'. ಇಲ್ಲಿನ ಹಡಗುಕಟ್ಟೆ 'ಆರ್ಸೆನಾಲೆ'ಯ ಮೂಲ 'ದಾರುಸ್ಸಿನಾಅ'. ಟಂಕಸಾಲೆಯ ಹೆಸರು 'ಝೆಕ್ಕಾ', ಅದು 'ಸಿಕ್ಕಾ'. ವ್ಯಾಪಾರದ ಜೊತೆ ಮಾತುಗಳೂ ಸಮುದ್ರ ದಾಟಿದ್ದವು. 1621ರಿಂದ 1838ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದ ಮುಸ್ಲಿಮ್ ವರ್ತಕರು ಈ ಭವನದಲ್ಲಿ ತಂಗುತ್ತಿದ್ದರು. ಗೋದಾಮು, ಸ್ನಾನಗೃಹ ಮಾತ್ರವಲ್ಲ, ನಮಾಝಿಗೊಂದು ಕೋಣೆಯೂ ಇತ್ತು. ಈಗ ಅದು ಪ್ರಾಣಿಶಾಸ್ತ್ರದ ವಸ್ತುಗಳನ್ನಿಟ್ಟ ಸಂಗ್ರಹಾಲಯ.

ಇದನ್ನು ಸಹಬಾಳ್ವೆಯ ಸುಂದರ ಕಥೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಸೂರ್ಯಾಸ್ತದ ಬಳಿಕ ಆ ಭವನದ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಹೊರಗೆ ನೋಡುವ ಕಿಟಕಿಗಳನ್ನು ಮುಚ್ಚಿಸಲಾಗಿತ್ತು. ಆಯುಧಗಳನ್ನು ಬಾಗಿಲಲ್ಲೇ ಒಪ್ಪಿಸಬೇಕಿತ್ತು. 1571ರಲ್ಲಿ ಲೆಪಾಂಟೊದ ನೌಕಾಯುದ್ಧ ನಡೆದು ಐವತ್ತು ವರ್ಷಗಳಷ್ಟೇ ಕಳೆದಿದ್ದವು. ಭಯವಿತ್ತು, ಲಾಭದ ಆಸೆಯೂ ಇತ್ತು. ವೆನಿಸ್ ಎರಡನ್ನೂ ಒಂದೇ ಸೂರಿನಡಿ ಇಟ್ಟು ಲೆಕ್ಕ ಬರೆದಿತ್ತು. ತುರ್ಕಿ ಗೆಳೆಯ ಬಹಳ ಹೊತ್ತು ಆ ಕಮಾನುಗಳನ್ನೇ ನೋಡುತ್ತ ನಿಂತ. ಭಟ್ಕಳದವನಿಗೆ ಮಾತ್ರ ಬೇರೆಯೇ ನೆನಪು. ಪಶ್ಚಿಮ ಕರಾವಳಿಯ ಕರಿಮೆಣಸು ಅರಬ್ ವರ್ತಕರ ಹಡಗುಗಳಲ್ಲಿ ಕೆಂಪು ಸಮುದ್ರಕ್ಕೆ, ಅಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿ ವೆನಿಸ್‌ನವರ ಕೈಗೆ ಸೇರುತ್ತಿತ್ತಲ್ಲ! "ಅಜ್ಜಂದಿರ ಸರಕು ಯಾವತ್ತೋ ಬಂದ ಊರಿಗೆ ಮೊಮ್ಮಗ ಈಗ ತಲುಪಿದ್ದಾನೆ," ಎಂದು ನಕ್ಕ.

ಸಂತ ಮಾರ್ಕನ ಚೌಕದ ಬಗ್ಗೆ ಹೆಚ್ಚು ಬರೆಯಲಾರೆ. ಅಲ್ಲಿ ಜನಸಂದಣಿಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಅಲ್ಲಿನ ಇಗರ್ಜಿಯ ಪ್ರಸಿದ್ಧ ಕಂಚಿನ ಕುದುರೆಗಳು 1204ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಲೂಟಿ ಮಾಡಿ ತಂದವು. ಲೂಟಿ ಮಾಡಿದವರೂ ಕ್ರೈಸ್ತರೇ, ಲೂಟಿಗೊಳಗಾದವರೂ ಕ್ರೈಸ್ತರೇ.

ಹೊತ್ತು ಇಳಿಯತೊಡಗಿತ್ತು. ಹಳೆಯ ನಗರದೊಳಗೆ ನಮಗೆ ಮಸೀದಿ ಕಾಣಲಿಲ್ಲ. ರೈಲಿನಲ್ಲಿ ಮೆಸ್ತ್ರೆಗೆ ಮರಳಿ ಅಲ್ಲಿ ಸ್ಥಳ ಹುಡುಕೋಣವೆಂದ ಭಟ್ಕಳದ ಗೆಳೆಯ. ಅವನ ಸಂಕೋಚ ನನಗೆ ಅರ್ಥವಾಗುತ್ತಿತ್ತು. ಪರದೇಶದಲ್ಲಿ ಎಲ್ಲರೆದುರು ಸುಜೂದ್‌ಗೆ ಬಾಗುವವನತ್ತ ಹಲವು ಬಗೆಯ ನೋಟಗಳು ತಿರುಗುತ್ತವೆ. ಅವನು ಅಲ್ಲಿ ಇನ್ನೂ ಎರಡು ವರ್ಷ ಬಾಳಬೇಕಾದವನು. ನಾವು ನಾಳೆ ಹೊರಡುವವರು ಅವನಿಗೆ ಧೈರ್ಯದ ಪಾಠ ಹೇಳುವುದು ಸರಿಯಲ್ಲ. ಕೊನೆಗೆ ಅವನೇ, "ಉತ್ತರದ ದಂಡೆಯಲ್ಲಿ ಜನ ಕಡಿಮೆ, ಬನ್ನಿ," ಎಂದ.

ಫೊಂದಮೆಂತೆ ನೋವೆ ಎಂಬ ಆ ದಂಡೆಯ ಎದುರಿಗೆ, ನೀರಿನಾಚೆ, ಸಾನ್ ಮಿಕೇಲೆ ದ್ವೀಪ. ಅದು ನಗರದ ಸ್ಮಶಾನ. ಅಲ್ಲಿನ ಸನ್ಯಾಸಿಗಳ ಗ್ರಂಥಾಲಯದಲ್ಲಿ 1987ರಲ್ಲಿ ಆಂಜೆಲಾ ನುವೊವೊ ಎಂಬ ವಿದುಷಿಗೆ ಒಂದು ಪ್ರತಿ ದೊರೆಯಿತು. 1537–38ರ ಸುಮಾರಿಗೆ ಪಗನೀನೊ ಮತ್ತು ಅಲೆಸ್ಸಾಂದ್ರೊ ಪಗನೀನಿ ಎಂಬ ತಂದೆ ಮಗ ವೆನಿಸ್‌ನಲ್ಲಿ ಅಚ್ಚು ಹಾಕಿದ ಕುರ್‌ಆನ್! ಇಡೀ ಅರಬಿ ಕುರ್‌ಆನ್ ಅಚ್ಚಿನಲ್ಲಿ ಬಂದುದು ಅದೇ ಮೊದಲು. ಆ ಪ್ರತಿ ಸಿಗುವವರೆಗೆ, ಪೋಪರ ಆಜ್ಞೆಯಿಂದ ಎಲ್ಲವೂ ಸುಟ್ಟುಹೋಯಿತೆಂಬ ಕಥೆಯೇ ಪ್ರಚಲಿತವಾಗಿತ್ತು. ಮುದ್ರಣ ತಪ್ಪುಗಳಿಂದ ತುಂಬಿತ್ತು. 'ದಾಲ್' ಮತ್ತು 'ಝಾಲ್' ಅಕ್ಷರಗಳ ನಡುವಿನ ಭೇದವೂ ಉಳಿದಿರಲಿಲ್ಲ. ಒಂದು ಚುಕ್ಕೆಯನ್ನೂ ಕಳೆಯದೆ ಎದೆಯಲ್ಲಿ ಕಾಪಾಡಿಕೊಂಡು ಬಂದ ಸಮುದಾಯ ಅಂಥ ಪ್ರತಿಯನ್ನು ಕೊಳ್ಳುವುದಾದರೂ ಹೇಗೆ? ಮದ್ರಸದಲ್ಲಿ ಒಂದೊಂದು ಅಕ್ಷರದ ಮಖ್ರಜ್‌ಗಾಗಿ ಉಸ್ತಾದರು ನಮ್ಮನ್ನು ಹತ್ತು ಬಾರಿ ತಿದ್ದುತ್ತಿದ್ದುದು ನೆನಪಾಗಿ, ಅವರಿಗಾಗಿ ದುಆ ಮಾಡಿದೆ.

ಬೀದಿಯ ನಲ್ಲಿಯಲ್ಲಿ ಒಂದು ಬಾಟಲಿ ನೀರು ಹಿಡಿದು ಮೂವರೂ ವುಝೂ ಮಾಡಿದೆವು. ಹರಿಯುವ ಹೊಳೆಯ ಬಳಿಯೂ ನೀರು ಪೋಲು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆ ಆ ಊರಿನ ಬಾವಿಗಳನ್ನು ಕಂಡ ಮೇಲೆ ಇನ್ನಷ್ಟು ಹತ್ತಿರವಾಗಿತ್ತು. ಕಿಬ್ಲಾ ಆಗ್ನೇಯಕ್ಕೆ, ಹೆಚ್ಚುಕಡಿಮೆ ದಂಡೆಯ ಉದ್ದಕ್ಕೇ. ಜಾಕೆಟ್‌ಗಳನ್ನು ಹಾಸಿದೆವು. ಬುರ್ಸಾದ ಗೆಳೆಯ ಇಮಾಮನಾದ.

ಎರಡನೆಯ ರಕ್‌ಅತ್‌ನಲ್ಲಿ ನನ್ನ ಪಕ್ಕಕ್ಕೆ ಯಾರೋ ಬಂದು ಸೇರಿದರು. ಸಲಾಮ್ ಹೇಳಿ ತಿರುಗಿದರೆ ಕೊಡೆ, ಟೋಪಿ ಮಾರುವ ಒಬ್ಬ ಬಾಂಗ್ಲಾದೇಶಿ ಯುವಕ. ನಾವು ಮುಸಾಫಿರರು, ನಮ್ಮದು ಎರಡು ರಕ್‌ಅತ್‌ಗೆ ಮುಗಿದಿತ್ತು. ಆತ ಆ ಊರಿನವನು, ಉಳಿದುದನ್ನು ಪೂರ್ತಿಗೊಳಿಸಲು ಎದ್ದು ನಿಂತ. ಅವನ ಚೀಲ ನಮ್ಮ ಕಾಲ ಬಳಿ ಬಾಯ್ದೆರೆದು ಬಿದ್ದಿತ್ತು. ಅಷ್ಟರಲ್ಲಿ ವೃದ್ಧ ದಂಪತಿ ನಿಂತು ಕೊಡೆಯೊಂದನ್ನು ತೋರಿಸಿ ಬೆಲೆ ಕೇಳಿದರು. ನಮಗೆ ಬೆಲೆ ಗೊತ್ತಿರಲಿಲ್ಲ. ಭಟ್ಕಳದ ಗೆಳೆಯ ಇಟಾಲಿಯನ್ ಭಾಷೆಯಲ್ಲಿ, ಇದರ ಯಜಮಾನ ಪ್ರಾರ್ಥನೆಯಲ್ಲಿದ್ದಾನೆ, ಸ್ವಲ್ಪ ಕಾಯುವಿರಾ ಎಂದ. ಅವರು ನಮಾಝಿಯತ್ತ ಒಮ್ಮೆ ನೋಡಿ, ದಂಡೆಯ ಕಲ್ಲಿನ ಮೇಲೆ ಕುಳಿತು ಕಾದರು.