ಮೂರು ಊರು, ಇಪ್ಪತ್ತಾರು ಅಕ್ಷರ

ಮಳೆಗಾಲದ ರಜೆಯಲ್ಲಿ ಮನೆಯೊಳಗೇ ಕುಳಿತ ಮಕ್ಕಳಿಗೆ ಹೊತ್ತು ಕಳೆಯಲು ಒಂದು ಆಟವುಂಟು. ಇಂಗ್ಲಿಷಿನ ಒಂದು ಉದ್ದನೆಯ ಪದವನ್ನು ಕಾಗದದ ಮೇಲ್ತುದಿಯಲ್ಲಿ ಬರೆದು, ಅದರ ಅಕ್ಷರಗಳಿಂದಲೇ ಎಷ್ಟು ಕಿರುಪದಗಳನ್ನು ಹೊರಡಿಸಬಹುದೆಂದು ಪಂದ್ಯ ಕಟ್ಟುವುದು. ಪದ ಸಿಕ್ಕರೆ ಸಾಲದು, ಅರ್ಥವನ್ನೂ ಹೇಳಬೇಕು. ಖರ್ಚಿಲ್ಲದ ಆಟ; ಮೇಲಾಗಿ ಇಂಗ್ಲಿಷ್ ಬಲಿಯುವುದೆಂದು ತಂದೆತಾಯಿಗಳಿಗೂ ಸಂತೋಷ. ಈ ಆಟಕ್ಕೆ ಊರ ಹೆಸರುಗಳನ್ನು ಇಳಿಸಿದರೆ ಮಾತ್ರ ತಮಾಷೆಯೊಡನೆ ಬೇರೊಂದು ಸಂಗತಿಯೂ ಹೊರಬೀಳುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನೇ ನೋಡಬಹುದು.

ಬಂಟ್ವಾಳಕ್ಕೆ ಇಂಗ್ಲಿಷಿನಲ್ಲಿ ಏಳು ಅಕ್ಷರ. ಅವುಗಳಿಂದ ‘ಬ್ಯಾನ್’ ಬಂತು, ನಿಷೇಧ. ‘ಆ್ಯಂಟ್’ ಬಂತು, ಇರುವೆ. ‘ಲಾ’ ಎಂದರೆ ಕಾನೂನು. ‘ಬಾಲ್’ ಎಂದು ಉಚ್ಚರಿಸುವ, ನಡುವೆ ಡಬ್ಲ್ಯು ಇರುವ ಇನ್ನೊಂದು ಪದಕ್ಕೆ ಗಟ್ಟಿಯಾಗಿ ಅರಚಿಕೊಳ್ಳುವುದೆಂದು ಅರ್ಥ. ಹುಟ್ಟಿಗೆ ಸಂಬಂಧಪಟ್ಟದ್ದು ಎಂಬರ್ಥದ ‘ನೇಟಲ್’ ಸಹ ಇವೇ ಅಕ್ಷರಗಳಲ್ಲಿ ಅಡಗಿದೆ. ಅದೇ ಊರಿನಲ್ಲಿ ಹುಟ್ಟಿದವರಿಗೆ ಇದೊಂದು ಸಮಾಧಾನವಾದೀತು. ಬೆಳ್ತಂಗಡಿಗೆ ಹನ್ನೊಂದು ಅಕ್ಷರ. ಸೊಂಟಕ್ಕೆ ಬಿಗಿಯುವ ‘ಬೆಲ್ಟ್’ ಮೊದಲಲ್ಲೇ ಇದೆ. ‘ಲೇಡಿ’, ‘ಲ್ಯಾಂಡ್’, ‘ಹ್ಯಾಂಡ್’, ದೇವದೂತನೆಂಬ ‘ಏಂಜೆಲ್’, ಕೊನೆಗೆ ‘ಡೆತ್’ ಸಹ ಸಿಗುತ್ತದೆ. ಆದರೆ ‘ಅಂಗಡಿ’ಗೆ ಇಂಗ್ಲಿಷಿನಲ್ಲಿ ಹೇಳುವ ‘ಶಾಪ್’ ಎಂಬ ಪದ ಎಷ್ಟು ಹುಡುಕಿದರೂ ಸಿಗದು. ಅದಕ್ಕೆ ಬೇಕಾದ ಎಸ್, ಓ, ಪಿ ಅಲ್ಲಿಲ್ಲ. ಅಂಗಡಿಯ ಊರಿನಲ್ಲಿ ಅಂಗಡಿಯೇ ಮುಚ್ಚಿಹೋಯಿತು!

ಮೂಡುಬಿದಿರೆಯ ಕಥೆ ಇನ್ನೂ ಸೊಗಸು. ಮೂಡು ಎಂದರೆ ಪೂರ್ವ, ಬಿದಿರೆ ಎಂದರೆ ಬಿದಿರು. ಸಂಸ್ಕೃತದಲ್ಲಿ ವೇಣುಪುರವೆಂದು ಕರೆಸಿಕೊಂಡದ್ದೂ ಇದೇ ಬಿದಿರಿನಿಂದ. ಇದಕ್ಕೆ ಜೊತೆಯಾಗಿ ಉಡುಪಿ ಜಿಲ್ಲೆಯ ಕಡಲಂಚಿನಲ್ಲಿ ಪಡುಬಿದ್ರಿಯಿದೆ. ಪಡು ಎಂದರೆ ಪಶ್ಚಿಮ. ಒಂದು ಬಿದಿರು ಘಟ್ಟದ ದಿಕ್ಕಿಗೆ, ಇನ್ನೊಂದು ಕಡಲಿನ ದಿಕ್ಕಿಗೆ. ತುಳುವರು ಇಂದಿಗೂ ಮೂಡಾಯಿ, ಪಡ್ಡಾಯಿ ಎಂದೇ ದಿಕ್ಕುಗಳನ್ನು ಗುರುತಿಸುತ್ತಾರೆ. ಹೆಸರು ಕೇಳಿದೊಡನೆ ಊರು ಯಾವ ಕಡೆಗಿದೆಯೆಂದು ತಿಳಿಯುತ್ತಿತ್ತು, ನಕಾಶೆ ಬೇಕಿರಲಿಲ್ಲ. ಇಂಗ್ಲಿಷಿನ ಒಂಬತ್ತು ಅಕ್ಷರಗಳಲ್ಲಿ ಈ ಹೆಸರನ್ನು ಬರೆದರೆ ಮುಂದೆ ನಿಲ್ಲುವುದು ‘ಮೂಡ್’, ಅಂದರೆ ಮನಸ್ಸಿನ ಲಹರಿ. ಎರಡು ಓ ದುಂದಾಯಿತೆಂದು ಒಂದೇ ಯು ಹಾಕಿ ಬರೆಯುವವರೂ ಇದ್ದಾರೆ; ಆಗ ಅದು ‘ಮಡ್’, ಬರಿಯ ಕೆಸರು. ಅನಂತರದ್ದು ‘ಬಿಡ್’, ಹರಾಜಿನ ಕೂಗು. ಹಕ್ಕಿಯ ‘ಬರ್ಡ್’, ಪೊರಕೆಯ ‘ಬ್ರೂಮ್’, ಕೋಣೆಯ ‘ರೂಮ್’ ಎಲ್ಲವೂ ಅಲ್ಲಿವೆ. ಪೂರ್ವವೆಂಬ ‘ಈಸ್ಟ್’ ಇಲ್ಲ, ಬಿದಿರೆಂಬ ‘ಬ್ಯಾಂಬೂ’ ಇಲ್ಲ. ಕೊನೆಯ ಐದು ಅಕ್ಷರಗಳನ್ನು ಹಾಗೆಯೇ ಎತ್ತಿಕೊಂಡು ನಿಘಂಟು ತೆರೆದರೆ ‘ಬಿದ್ರಿ’ ಸಿಗುತ್ತದೆ. ಆದರೆ ಅದು ಬೀದರಿನ ಬೆಳ್ಳಿಯ ಕುಸುರಿಯ ಲೋಹದ ಪಾತ್ರೆ. ಸಾವಿರ ಕಂಬದ ಬಸದಿಯನ್ನು ನೋಡಬಂದ ಪರಸ್ಥಳದವರು ಬಿದ್ರಿಯ ಹೂದಾನಿ ಎಲ್ಲಿ ದೊರೆಯುವುದೆಂದು ವಿಚಾರಿಸಿದರೆ ಅವರದೇನೂ ತಪ್ಪಿಲ್ಲ.

ಇದಕ್ಕೆಲ್ಲ ಕಾರಣ ಸರಳ. ಟ ಮತ್ತು ತ, ಡ ಮತ್ತು ದ, ಲ ಮತ್ತು ಳ ಇವುಗಳಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಅಕ್ಷರಗಳಿಲ್ಲ. ವಿದ್ವಾಂಸರು ಅಕ್ಷರದ ಕೆಳಗೆ ಚುಕ್ಕೆಯಿಟ್ಟು ಪರಿಹಾರ ಕಂಡುಕೊಂಡರು. ಫಲಕ ಬರೆಯುವವರು ಚುಕ್ಕೆಯನ್ನು ಇರುವೆಯೆಂದು ತಿಳಿದು ಒರೆಸಿಬಿಟ್ಟರೋ ಏನೋ, ಅದು ರಸ್ತೆಗೆ ಬರಲಿಲ್ಲ. ತೆಂಕಣದವರು ತಕಾರವನ್ನು ಉಳಿಸಲು ಟಿಯ ಬೆನ್ನಿಗೆ ಒಂದು ಎಚ್ ಕಟ್ಟಿದರು. ಗೀತಾ, ಲತಾ ಎಂಬ ಹೆಣ್ಣುಮಕ್ಕಳ ಹೆಸರಿನಲ್ಲಿರುವ ಎಚ್ ಬೆಳ್ತಂಗಡಿಯ ಹೊಟ್ಟೆಯಲ್ಲೂ ಇರುವುದು ಹೀಗೆ. ಬಡಗಣದವರು ಅದನ್ನೇ ಮಹಾಪ್ರಾಣವೆಂದು ಓದುತ್ತಾರೆ. ಬಂಟ್ವಾಳದ ಳಕಾರವಂತೂ ಎಲ್ ಅಕ್ಷರದಲ್ಲಿ ಕರಗಿಹೋಗಿ, ಅಗರ್ವಾಲ್, ಖಂಡೇಲ್ವಾಲ್‌ಗಳ ಸಾಲಿಗೆ ಸೇರುವ ಯಾವುದೋ ಮನೆತನದ ಹೆಸರಿನಂತೆ ಕೇಳಿಸುತ್ತದೆ. ತುಳುನಾಡಿನ ಬಂಟರಿಗೆ ಇಂಗ್ಲಿಷಿನಲ್ಲಿ ‘ಎ’ಯ ಬದಲು ‘ಯು’ ದಕ್ಕಿದೆ. ನಿಘಂಟಿನಲ್ಲಿ ಆ ನಾಲ್ಕಕ್ಷರದ ಪದಕ್ಕೆ ಹಡಗಿನ ಹಾಯಿಯ ನಡುಭಾಗವೆಂದೂ ಗೋಧಿ ಬೆಳೆಗೆ ತಗಲುವ ಒಂದು ರೋಗವೆಂದೂ ಅರ್ಥವಿದೆ. ವೀರನೆಂಬ ಕನ್ನಡದ ಅರ್ಥಕ್ಕೆ ಅಲ್ಲಿ ಸ್ಥಳವೆಲ್ಲಿ?

ಅಕ್ಷರ ಬೇರೆ, ಭಾಷೆ ಬೇರೆಯಾದರೆ ಹೀಗಾಗಲೇಬೇಕೆಂಬ ನಿಯಮವಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯ ಬಸದಿಯಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ಹೀರಾಲಾಲ್ ಜೈನರು ೧೯೩೯ರಿಂದ ಧವಲೆಯನ್ನು ಸಂಪುಟ ಸಂಪುಟವಾಗಿ ಅಚ್ಚಿಗೆ ತಂದಾಗ ಜಗತ್ತು ಅದನ್ನು ಕಂಡಿತು. ಪರಭಾಷೆಯ ಮಾತನ್ನು ಕನ್ನಡದ ಅಕ್ಷರಗಳು ಕಾಪಾಡಿಕೊಟ್ಟ ಊರಿಗೆ ಪರಭಾಷೆಯ ಅಕ್ಷರಗಳು ಅದರ ಹೆಸರನ್ನೂ ನೆಟ್ಟಗೆ ಉಳಿಸಿಕೊಡಲಿಲ್ಲ. ಹಾಗೆಂದು ಕನ್ನಡ ಲಿಪಿಯನ್ನೂ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ತುಳುವಿನ ಎರಡು ಬಗೆಯ ಎಕಾರಗಳ ಮುಂದೆ ಅದೂ ತಡವರಿಸುತ್ತದೆ.

ಹೆಸರು ಕುಗ್ಗಿ ಕುಗ್ಗಿ ಒಂದೇ ಅಕ್ಷರಕ್ಕೆ ಇಳಿಯುವುದೂ ಉಂಟು. ೧೯೬೨ರಲ್ಲಿ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾದ ಬಿ. ವೈಕುಂಠ ಬಾಳಿಗರ ‘ಬಿ’ ಎಂದರೆ ಬಂಟ್ವಾಳ. ೧೯೭೫ರ ‘ಚೋಮನ ದುಡಿ’ ಚಿತ್ರದ ನಿರ್ದೇಶಕ ಬಿ. ವಿ. ಕಾರಂತರೂ ಬಂಟ್ವಾಳ ತಾಲ್ಲೂಕಿನವರೇ. ಅವರ ‘ಬಿ’ ಮಾತ್ರ ಬಾಬುಕೋಡಿ. ಬಂಟ್ವಾಳ ಪೇಟೆಗೆ ಹೆದ್ದಾರಿಯಿಂದ ಕವಲೊಡೆಯುವ ಸ್ಥಳವಂತೂ ಬಂಟ್ವಾಳ ಕ್ರಾಸ್ ಎಂಬುದರ ಎರಡು ಮೊದಲಕ್ಷರಗಳನ್ನು ಉಳಿಸಿಕೊಂಡು ‘ಬಿ. ಸಿ. ರೋಡ್’ ಎಂಬ ಊರೇ ಆಗಿ ಬೆಳೆದಿದೆ. ಇತಿಹಾಸದ ಪುಸ್ತಕ ಓದುವ ಹುಡುಗನಿಗೆ ಅದು ಕ್ರಿಸ್ತಪೂರ್ವದ ರಸ್ತೆ. ವಿಚಿತ್ರವೆಂದರೆ ಈ ಹೆಸರಿಗೆ ಕನ್ನಡದ ರೂಪ ಯಾರ ನಾಲಗೆಯಲ್ಲೂ ಇಲ್ಲ. ಅಲ್ಲಿಯ ಮುದುಕಿಯೂ ಬಿಸಿರೋಡ್ ಎಂದು ಒಂದೇ ಉಸಿರಿಗೆ, ಅಚ್ಚ ತುಳು ಪದದಂತೆ ಹೇಳುತ್ತಾಳೆ. ಆ ಎರಡು ಅಕ್ಷರಗಳನ್ನು ಆ ನೆಲ ಜೀರ್ಣಿಸಿಕೊಂಡುಬಿಟ್ಟಿದೆ.

೨೦೧೪ರ ನವೆಂಬರ್ ೧ರಂದು ಸರಕಾರವು ಮಂಗಳೂರೂ ಸೇರಿದಂತೆ ಹನ್ನೆರಡು ನಗರಗಳ ಇಂಗ್ಲಿಷ್ ಬರವಣಿಗೆಯನ್ನು ಕನ್ನಡದ ಉಚ್ಚಾರಕ್ಕೆ ಹೊಂದಿಸಿತು. ಈ ಮೂರು ಊರುಗಳು ಆ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಒಂದೇ ಊರು ಒಂದು ಕಾಗದದಲ್ಲಿ ಎರಡು ಓ, ಇನ್ನೊಂದರಲ್ಲಿ ಒಂದು ಯು. ಒಂದರಲ್ಲಿ ಎಚ್ ಇದೆ, ಇನ್ನೊಂದರಲ್ಲಿ ಇಲ್ಲ. ದೊಡ್ಡವರಿಗೆ ಇದು ಕಚೇರಿಯ ಅಲೆದಾಟ. ಮುಂಬಯಿಯಲ್ಲಿ ಹುಟ್ಟಿ, ಕನ್ನಡ ಓದಲು ಬಾರದೆ, ಬೇಸಗೆಗೆ ಅಜ್ಜಿಯ ಮನೆಗೆ ಬರುವ ಮೊಮ್ಮಕ್ಕಳಿಗೆ ಇದು ಅಷ್ಟರಲ್ಲಿ ಮುಗಿಯದು. ಅಜ್ಜಿಯ ಊರನ್ನು ಅವರು ಬಲ್ಲದ್ದೇ ಆ ಒಂಬತ್ತು ಅಕ್ಷರಗಳಿಂದ. ಬಂಟ್ವಾಳದಲ್ಲಿ ಬಸ್ಸು ಬಂದು ನಿಲ್ಲುತ್ತದೆ. ನಿರ್ವಾಹಕನು ಬಾಗಿಲಿಗೆ ಜೋತುಬಿದ್ದು ಕೂಗುವುದು ತುಳುವರ ಬಾಯಿಯ ಹಳೆಯ ಹೆಸರನ್ನು: “ಬೆದ್ರ, ಬೆದ್ರ!” ಹುಡುಗ ಫಲಕದ ಮೇಲೆ ‘ಮೂಡ್’ ಎಲ್ಲಿದೆಯೆಂದು ಹುಡುಕುತ್ತಲೇ ಇರುತ್ತಾನೆ. ಅಜ್ಜಿ ಅವನ ತೋಳು ಹಿಡಿದು ಬಸ್ಸಿಗೆ ಹತ್ತಿಸುತ್ತಾಳೆ.