ಸಪೂರದ ಒಂದು ವಯರು

ಕಳೆದ ಮಳೆಗಾಲದ ಮಾತು. ಬಂಟ್ವಾಳದ ಬಿ.ಸಿ. ರೋಡಿನ ಅಂಗಡಿಯೊಂದರಲ್ಲಿ ನನ್ನ ಹಳೆಯ ಮಾರುತಿ 800ಕ್ಕೆ ಹೊಸ ಬ್ಯಾಟರಿ ಹಾಕಿಸಿ, ಸಿದ್ದಕಟ್ಟೆಯ ಮಾರ್ಗವಾಗಿ ಹಾಡು ಕೇಳುತ್ತಲೇ ಮೂಡುಬಿದಿರೆಗೆ ಮರಳಿದ್ದೆ. ತಿಂಗಳೊಂದು ಕಳೆದ ಮೇಲೆ ಸ್ಟೀರಿಯೊ ಮೂಕವಾಯಿತು. ಇಂಜಿನ್, ದೀಪ, ಹಾರ್ನ್ ಎಲ್ಲವೂ ಸರಿ. ಫ್ಯೂಸನ್ನೂ ನೋಡಿದೆ, ಸರಿಯಾಗಿಯೇ ಇತ್ತು.

ನನ್ನ ಚಿಂತೆ ಸ್ಟೀರಿಯೊದ್ದಲ್ಲ, ಅದರೊಳಗೆ ಉಳಿದ ಕ್ಯಾಸೆಟ್ಟಿನದು. ವಿದ್ಯುತ್ತಿಲ್ಲದೆ ಅದು ಹೊರಬರುವಂತಿರಲಿಲ್ಲ. ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರಲ್ಲಿ. ಅಲ್ಲಿಂದ ಪ್ರಸಾರವಾಗುತ್ತಿದ್ದ ತಾಳಮದ್ದಳೆಯೊಂದನ್ನು ನಾನು ರೇಡಿಯೋದ ಎದುರು ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದೆ. ಅರ್ಥಗಾರಿಕೆಯ ನಡುವೆ, "ಚಹಾ ತಣಿಯುತ್ತದೆ, ಬನ್ನಿ" ಎಂದು ಒಳಗಿನಿಂದ ಕರೆದ ನನ್ನ ಪತ್ನಿಯ ಧ್ವನಿಯೂ ಅದರಲ್ಲಿ ಸೇರಿಹೋಗಿದೆ. ಆಕೆ ಈಗಿಲ್ಲ. ಆ ಧ್ವನಿ ಉಳಿದಿರುವುದು ಅಲ್ಲಿ ಮಾತ್ರ.

ಆ ಕಳವಳದಲ್ಲಿ ಬ್ಯಾಟರಿ ಅಂಗಡಿಯ ಹುಡುಗನಿಗೆ ಫೋನಿನಲ್ಲಿ ಬೈದುಬಿಟ್ಟೆ. "ಗಾಡಿ ತನ್ನಿ ಸರ್, ನೋಡುವ" ಎಂದಷ್ಟೇ ಅವನು ಹೇಳಿದ. ನಾನು ಹೋಗಲಿಲ್ಲ.

ಮುಂದಿನ ಆದಿತ್ಯವಾರ ಮದುವೆಯೊಂದಕ್ಕಾಗಿ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋದೆ. ವಾಹನಗಳ ವಯರಿಂಗ್ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿದ್ದಾನೆ. ಬಾನೆಟ್ ಎತ್ತಿದವನೇ ಕೇಳಿದ: "ಸರ್, ಬ್ಯಾಟರಿಯನ್ನು ನೀವು ಬಿಚ್ಚಿದ್ದುಂಟಾ?"

ಬಿಚ್ಚಿದ್ದೆ. ಮಗನ ಮನೆಗೆ ಹದಿನೈದು ದಿನಗಳ ಮಟ್ಟಿಗೆ ಹೋಗುವಾಗ, ಬ್ಯಾಟರಿ ಇಳಿಯದಿರಲೆಂದು ಎರಡೂ ಟರ್ಮಿನಲ್‌ಗಳನ್ನು ಕಳಚಿ, ಬಂದ ಮೇಲೆ ನಾನೇ ಜೋಡಿಸಿದ್ದೆ.

ಅವನು ಬ್ಯಾಟರಿಯ ಹಿಂದಿನಿಂದ ಸಪೂರದ ಹಳದಿ ವಯರೊಂದನ್ನು ಎಳೆದು ತೋರಿಸಿದ. ಹೊರಗಿನಿಂದ ತಂದು ಕೂರಿಸಿದ ಸ್ಟೀರಿಯೊಗೆ ಸಾಮಾನ್ಯವಾಗಿ ಎರಡು ಕಡೆಯಿಂದ ವಿದ್ಯುತ್ತು ಬೇಕು. ಕೆಂಪು ವಯರು ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯುತ್ತದೆ. ಗಡಿಯಾರ, ಸ್ಟೇಷನ್‌ಗಳ ನೆನಪನ್ನು ಕಾಯುವ ಹಳದಿ ವಯರಿಗೆ ಸದಾ 12 ವೋಲ್ಟ್ ಬೇಕು. ನನ್ನ ಕಾರಿನಲ್ಲಿ ಅದನ್ನು ನೇರವಾಗಿ ಬ್ಯಾಟರಿಯ ಪಾಸಿಟಿವ್‌ಗೆ ಸೇರಿಸಿದ್ದರು. ದಪ್ಪ ವಯರನ್ನು ಬಿಗಿದ ನಾನು ಸಪೂರದ್ದನ್ನು ಮರೆತಿದ್ದೆ.

ಮೊದಲು ನೆಗೆಟಿವ್ ಕಳಚಿ, ಹಳದಿ ವಯರನ್ನು ಸ್ವಸ್ಥಾನಕ್ಕೆ ಸೇರಿಸಿ, ಕೊನೆಗೆ ನೆಗೆಟಿವ್ ಬಿಗಿದ. ದೀಪ ಹತ್ತಿತು. ಗಡಿಯಾರವೂ ಸ್ಟೇಷನ್‌ಗಳೂ ಅಳಿಸಿಹೋಗಿದ್ದವು; ಕ್ಯಾಸೆಟ್ ಮಾತ್ರ ತಿರುಗತೊಡಗಿತು. ಚಹಾದ ಕರೆ ಬರುವವರೆಗೂ ನಾನು ಮಾತಾಡಲಿಲ್ಲ.

ಪ್ರಯೋಗ ಕೆಟ್ಟರೆ ಉಪಕರಣವನ್ನು ದೂರುವ ಮೊದಲು ನಿಮ್ಮ ಜೋಡಣೆಯನ್ನು ನೋಡಿರೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಮರಳುವಾಗ ಸುತ್ತುದಾರಿಯಾದರೂ ಬಿ.ಸಿ. ರೋಡಿಗೆ ಹೋಗಿ ಆ ಹುಡುಗನಲ್ಲಿ ತಪ್ಪೊಪ್ಪಿಕೊಂಡೆ. "ಪರವಾಗಿಲ್ಲ ಸರ್, ಚಹಾ ಕುಡಿದು ಹೋಗಿ" ಎಂದ. ಆ ಚಹಾ ತಣಿಯಲು ನಾನು ಬಿಡಲಿಲ್ಲ.